ಎಡಗಿವಿಯ ಕಚ್ಚು

ಬಾಡಗಂಡಿ, ತಾಲೂಕು ಬೀಳಗಿ
೧೪ ಡಿಸೆಂಬರ್ ೨೦೨೫, ರವಿವಾರ

ನನ್ನ ಮಗಳು ಭಾಗ್ಯಾಗೆ ನಿನ್ನವ್ವ ಮಾಯವ್ವನ ಆಶೀರ್ವಾದ.

ನೀನು, ಅಳಿಯ ಮುತ್ತಣ್ಣ, ನನ್ನ ಮೊಮ್ಮಗಳು ಅನುರಾಧಾ, ನಿನ್ನ ಅತ್ತೆ ಕಸ್ತೂರೆವ್ವ, ಎಲ್ಲರೂ ಬನಹಟ್ಟಿಯಲ್ಲಿ ಅರಾಮ ಇದ್ದೀರಿ ಅಂತ ತಿಳಿದಿದ್ದೇನೆ. ನಾವೂ ಬೀರಪ್ಪನ ದಯೆಯಿಂದ ಎರಡು ಹೊತ್ತು ಉಂಡು ಇದ್ದೇವೆ. ಪಂಚಮಿ ಮುಗಿಸಿ ನೀನು ಬಸ್ಸು ಹತ್ತಿದ ಮೇಲೆ ಒಂದು ಸಾಲೂ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ದಸರೆ ಬಂತು, ದೀವಳಿಗೆ ಬಂತು, ಕಾರ್ಖಾನೆ ಶುರುವಾಗಿ ಕಬ್ಬಿನ ಟ್ರ್ಯಾಕ್ಟರುಗಳ ದೂಳಿಗೆ ನನ್ನ ಕಣ್ಣು ಕೆಂಪಾದವು, ಮನೆಯಲ್ಲಿದ್ದ ಒಂದು ಪೆನ್ನೂ ಒಣಗಿತ್ತು. ಹೇಳುತ್ತ ಹೋದರೆ ನೆವಕ್ಕೇನು ಬರ.

ಫೋನಿದ್ದೂ ಪತ್ರ ಯಾಕೆ ಅಂತ ನಿನ್ನ ಅತ್ತೆ ಕೇಳಬಹುದು. ನಿಮ್ಮ ಓಣಿಯ ಮಗ್ಗಗಳ ಸಪ್ಪಳದಲ್ಲಿ ನೀವು ಸ್ಪೀಕರ್ ಹಾಕಿಯೇ ಮಾತಾಡುವವರು. ನಾನು ಇಲ್ಲಿ ಕೆಮ್ಮಿದರೆ ಅಲ್ಲಿ ನಾಲ್ಕು ಮನೆಗೆ ಗೊತ್ತಾಗುತ್ತದೆ. ಈಗೀಗಂತೂ ಆ ಸಪ್ಪಳ ಇನ್ನೂ ಹತ್ತಿರದಿಂದ ಬಂದ ಹಾಗೆ ಕೇಳುತ್ತದೆ. ಅದರಲ್ಲಿ ಅನುರಾಧಾ ಬೇರೆ ಫೋನು ಕಸಿದುಕೊಂಡು 'ಆಯೀ, ಬೆಲ್ಲ ಎಷ್ಟು ದೊಡ್ಡದಾತು?' ಅಂತ ಶುರು ಮಾಡುತ್ತಾಳೆ. ಪಂಚಮಿಯಲ್ಲಿ ಬಂದಾಗ ಆ ಕೆಂಚು ಮರಿಗೆ ಬೆಲ್ಲ ಅಂತ ತಾನೇ ಹೆಸರಿಟ್ಟು, ಮೂರೂ ಹೊತ್ತು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದಳಲ್ಲ, ಅದರ ಧ್ಯಾನ ಇನ್ನೂ ಬಿಟ್ಟಿಲ್ಲ. ಅವಳ ಕೈಗೆ ಫೋನು ಹೋದ ಮೇಲೆ ನಮ್ಮಿಬ್ಬರ ಮಾತು ಅಲ್ಲಿಗೆ ಮುಗಿಯಿತು. ಅದಕ್ಕೇ ಕಾಗದ. ಏಳನೆಯತ್ತೆಯವರೆಗೆ ಕಲಿತದ್ದು ಇನ್ನಾವುದಕ್ಕೆ ಬಂತು.

ಊರ ಸುದ್ದಿ ವಿಶೇಷವಿಲ್ಲ. ನಿಮ್ಮಣ್ಣ ಶಿವಪುತ್ರ ಈ ಹಂಗಾಮಿಗೂ ಕಾರ್ಖಾನೆಯ ಕೂಲಿಗೆ ಹೋಗುತ್ತಿದ್ದಾನೆ. ಹೆಣ್ಣು ನೋಡುವುದು ನಡೆದಿದೆ; ಅವರು ಕೇಳುವುದು ನಮ್ಮಲ್ಲಿಲ್ಲ, ನಮ್ಮಲ್ಲಿರುವುದು ಅವರಿಗೆ ಬೇಡ. ನಿಮ್ಮಪ್ಪ ಕುರಿ ಹೊಡೆದುಕೊಂಡು ಹೊಳೆಯ ದಿಕ್ಕಿಗೆ ಹೋಗುತ್ತಾನೆ. ಎಲ್ಲ ಕಡೆ ಕಬ್ಬು ಆಗಿ ಕುರಿ ಹಾಯಿಸಲು ದಾರಿ ಸಹ ಇಲ್ಲ. ಕಬ್ಬಿನವರು ಬೈಯುತ್ತಾರೆ, ಇವನೂ ಬೈಯುತ್ತಾನೆ, ಸಂಜೆ ಬಂದು ನನಗೆ ಬೈಯುತ್ತಾನೆ. ಎಳ್ಳಮಾಸಿ ಇನ್ನೇನು ಬಂತು. ಸಜ್ಜಿರೊಟ್ಟಿ ಬಡಿದು ಇಡುತ್ತೇನೆ, ಯಾರಾದರೂ ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ.

ಇನ್ನು ಬರೆಯಲೇಬೇಕಾದದ್ದು ಬರೆಯುತ್ತೇನೆ. ನನ್ನ ಉಡಿಕುರಿ ಹೋದವು, ಭಾಗ್ಯಾ. ರೋಗ ಬಂದು ಹೋಗಲಿಲ್ಲ, ತೋಳ ಹಿಡಿದು ಹೋಗಲಿಲ್ಲ. ಮನೆಯವರೇ ಕೆರೂರ ಸಂತೆಗೆ ಹೊಡೆದರು.

ಉಡಿಕುರಿ ಅಂದರೆ ಏನು ಅಂತ ನಿನಗೆ ಹೇಳುವುದು ಅವ್ವನ ಮುಂದೆ ತವರುಮನೆ ಸುದ್ದಿ ಹೇಳಿದ ಹಾಗೆ. ಆದರೆ ಅನುರಾಧಾ ದೊಡ್ಡವಳಾಗಿ ಎಂದಾದರೂ ಈ ಕಾಗದ ಓದಿದರೆ ಅವಳಿಗೆ ತಿಳಿದಿರಲಿ. ನನ್ನ ತಾಯಿ ಇಂದ್ರವ್ವನ ಕಡೆಯಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿ, ಜೊತೆಗೆ ಒಂದು ಹೆಣ್ಣು ಕುರಿ ಕಳಿಸುತ್ತಿದ್ದರು. ಅದು ಗಂಡನ ಹಿಂಡಿನಲ್ಲೇ ಮೇಯುತ್ತದೆ, ಅವನ ದೊಡ್ಡಿಯಲ್ಲೇ ಮಲಗುತ್ತದೆ. ಆದರೆ ಅದರ ಎಡಗಿವಿಯಲ್ಲಿ ತವರಿನ ಕಚ್ಚು ಇರುತ್ತದೆ, ಚೂರಿಯಿಂದ ಕೊಯ್ದ ಜೋಡಿ ಕಚ್ಚು. ಗಂಡನ ಕುರಿಗಳಿಗೆ ಬಲಗಿವಿಯಲ್ಲಿ ಅವರ ಮನೆಯ ಗುರುತು. ಎಡಗಿವಿ ಕುರಿಯ ಉಣ್ಣೆ, ಅದರ ಗಂಡು ಮರಿ ಮಾರಿದ ರೊಕ್ಕ, ಅದು ಹೆಂಗಸಿನದು, ಯಾರೂ ಯಾಕೆ ಅನ್ನುವ ಹಾಗಿಲ್ಲ. ಹೆಣ್ಣು ಮರಿ ಮಾತ್ರ ಮಾರಬಾರದು. ಅವು ಅವಳ ಮಗಳಿಗೆ, ಮಗಳ ಮಗಳಿಗೆ. ನನ್ನ ಮಾವ ಕಷ್ಟದಲ್ಲಿ ಎತ್ತು ಮಾರಿದ, ಹಿತ್ತಾಳೆಯ ಹಂಡೆ ಮಾರಿದ, ಉಡಿಕುರಿಯ ಕಡೆಗೆ ಬೆರಳು ಸಹ ತೋರಿಸಲಿಲ್ಲ. 'ಅವು ನಮ್ಮ ಮನ್ಯಾಗಿನ ಬೀಗರು' ಅನ್ನುತ್ತಿದ್ದ.

ನನ್ನ ಜನ್ಮವೆಲ್ಲ ಆ ಕುರಿಗಳ ಮೇಲೆ ನಡೆಯಿತು. ಶಿವಪುತ್ರನ ಐ.ಟಿ.ಐ. ಫೀ ಅವೇ ಕೊಟ್ಟವು. ಜಮಖಂಡಿಯ ದವಾಖಾನೆಯಲ್ಲಿ ಅನುರಾಧಾ ಅಡ್ಡ ಸಿಕ್ಕು, ನಿನಗೆ ಹೊಟ್ಟೆ ಕೊಯ್ಯಬೇಕು ಅಂದಾಗ ನಾನು ಯಾರ ಮುಖವನ್ನೂ ನೋಡಲಿಲ್ಲ, ಎರಡು ಟಗರು ಮಾರಿ ಬಂದೆ. ನಿನ್ನ ಲಗ್ನದಲ್ಲಿ ನಿನಗೂ ಒಂದು ಹೆಣ್ಣು ಕುರಿ ಕೊಟ್ಟೆ. ಬನಹಟ್ಟಿಯ ಒಂದೂವರೆ ಖೋಲಿಯ ಮನೆಯಲ್ಲಿ ಕುರಿ ಎಲ್ಲಿ ಕಟ್ಟಲಿ ಅಂತ ನೀನು ನಕ್ಕು, 'ನಿನ್ನ ಕುರಿ ಜೋಡಿ ಇಲ್ಲೇ ಇರಲಿ ಬೇ, ಬೇಕಾದಾಗ ಒಯ್ತೀನಿ' ಅಂದೆ. ಇರಲಿ ಅಂತ ನಾನೂ ನಿನ್ನದನ್ನು ನನ್ನದನ್ನು ಕೂಡಿಯೇ ಸಾಕಿದೆ. ಕಚ್ಚು ಒಂದೇ ಅಲ್ಲವೇ.

ಇಷ್ಟರಲ್ಲಿ ಗೃಹಲಕ್ಷ್ಮಿ ರೊಕ್ಕ ಬಂತು. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ನನ್ನ ಹೆಸರು ಮೇಲೆ. ಮೊದಲ ಸಲ ಹೆಬ್ಬೆಟ್ಟು ಒತ್ತಿ ಎರಡು ಸಾವಿರ ಕೈಗೆ ತೆಗೆದುಕೊಂಡ ದಿನ ಬೀಳಗಿಯಿಂದ ಬರುವಾಗ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಬಸ್ಸೂ ಪುಕ್ಕಟೆ. ಕಿಡಕಿಯ ಹತ್ತಿರ ಕೂತು ಯಾರೋ ದೊಡ್ಡ ಮನುಷ್ಯಳಂತೆ ಹೊರಗೆ ನೋಡುತ್ತ ಬಂದೆ. ಸುಳ್ಳು ಯಾಕೆ ಹೇಳಲಿ, ಅಂಥ ಸುಖ ನನಗೆ ಅದೇ ಮೊದಲು. ಬೆವರಿನದಲ್ಲದ, ಬೇಡಿದ್ದೂ ಅಲ್ಲದ ರೊಕ್ಕ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು. ಒಂದು ಸೀರೆ ತಂದೆ, ನಿಮ್ಮಪ್ಪನಿಗೆ ಚಪ್ಪಲಿ ತಂದೆ, ಶಿವಪುತ್ರನಿಗೆ ಭಜಿ ಕಟ್ಟಿಸಿಕೊಂಡು ಬಂದೆ.

ನಮ್ಮ ಮನೆಯಲ್ಲಿ ಬೀರಪ್ಪನ ಫೋಟೋದ ಕೆಳಗೆ ಗೋಡೆಯೊಳಗೆ ಒಂದು ಮಾಡ ಇದೆಯಲ್ಲ, ಸಂತೆಯ ಹಿಂದಿನ ಸಂಜೆ ನಿಮ್ಮಪ್ಪ ಸಂತೆ ರೊಕ್ಕವನ್ನು ಅದರಲ್ಲಿ ಇಡುತ್ತಿದ್ದ. ಕೈಗೆ ಕೊಟ್ಟವನಲ್ಲ, ಆದರೆ ಇಡುವುದನ್ನು ತಪ್ಪಿಸಿದವನೂ ಅಲ್ಲ. ಆ ವಾರ ಮಾಡ ಬರಿದು.

'ಸಂತಿ ರೊಕ್ಕ ಇಟ್ಟಿಲ್ಲಲ್ಲ?' ಅಂದೆ.

'ನಿನಗ ಬಂದೈತಲ್ಲ.'

'ಅದು ನನಗ ಬಂದಿದ್ದು.'

'ಮನಿ ಯಜಮಾನಿಗೆ ಬಂದಿದ್ದು. ಯಜಮಾನಿ ಅಂದ ಮ್ಯಾಲ ಮನಿ ನಡಸು.'

ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅಂದಿನಿಂದ ಇಂದಿನವರೆಗೆ ಆ ಮಾಡದಲ್ಲಿ ಒಂದು ಪೈಸೆ ಬಿದ್ದಿಲ್ಲ. ಶಿವಪುತ್ರ ಅದರಲ್ಲಿ ತನ್ನ ಫೋನಿನ ಚಾರ್ಜರ್ ಇಡುತ್ತಾನೆ.

ಆಮೇಲೆ ಮನೆಯಲ್ಲಿ ಏನು ಬೇಕಾದರೂ ನನ್ನ ಕಡೆಗೆ ಮುಖ ತಿರುಗಿಸುವುದಾಯಿತು. ಸಕ್ಕರೆ, ಚಹಾಪುಡಿ, ಎಣ್ಣೆ, ಸಾಬೂನು, ಶಿವಪುತ್ರನ ರೀಚಾರ್ಜು, ಬಂದ ಬೀಗರಿಗೆ ಕುಪ್ಪಸದ ಖಣ. ಕುರಿಗಳಿಗೆ ಜಂತಿನ ಔಷಧ ಹಾಕಿಸುವುದು ಗಂಡಸರ ಕೆಲಸ ಇತ್ತು, ಅದೂ 'ನಿನ್ನ ರೊಕ್ಕದಾಗ ಹಾಕಿಸಿಬಿಡು' ಅಂತಾಯಿತು. ನಿಮ್ಮಪ್ಪ ಅದಕ್ಕೊಂದು ಹೆಸರನ್ನೂ ಇಟ್ಟ: ಸರ್ಕಾರಿ ಗಂಡ. 'ಎಣ್ಣಿ ತೀರೈತಿ' ಅಂದರೆ, 'ನಿನ್ನ ಸರ್ಕಾರಿ ಗಂಡನ್ನ ಕೇಳು' ಅನ್ನುತ್ತಾನೆ. ಮೊದಲು ನಾನೂ ನಗುತ್ತಿದ್ದೆ. ಓಣಿಯ ಹೆಂಗಸರ ಮುಂದೆ ಹೇಳಿ ಎಲ್ಲರೂ ನಕ್ಕಿದ್ದೆವು. ಅವರ ಮನೆಯಲ್ಲೂ ಅದೇ ಕಥೆ, ಹೆಸರು ಮಾತ್ರ ಬೇರೆ.

ನಡುವೆ ಎರಡು ಮೂರು ತಿಂಗಳು ರೊಕ್ಕ ಬರಲಿಲ್ಲ. ಬ್ಯಾಂಕಿನ ಮಿಶಿನ್ನು ಇಟ್ಟುಕೊಂಡವ 'ಇನ್ನೂ ಬಿದ್ದಿಲ್ಲ ಬೇ, ಮುಂದಿನ ವಾರ ನೋಡು' ಅನ್ನುತ್ತಿದ್ದ. ನಿಮ್ಮಪ್ಪ ಚಹಾ ಇಲ್ಲದ ಬೆಳಿಗ್ಗೆ ಬಾಗಿಲಲ್ಲಿ ಕೂತು, 'ಯಾಕ, ನಿನ್ನ ಗಂಡ ಊರಿಗೆ ಹೋಗ್ಯಾನೇನು?' ಅಂದ. ಇಡುವ ರೂಢಿ ಒಮ್ಮೆ ತಪ್ಪಿದರೆ ತಪ್ಪಿತು, ನೋಡು. ಸರ್ಕಾರದ್ದು ಬಾರದ ತಿಂಗಳೂ ಅವನ ಕೈ ಮಾಡದ ಕಡೆಗೆ ಹೋಗಲಿಲ್ಲ. ಉಪ್ಪು ಖಾರ ತರಲು ನಾನು ಉಡಿಕುರಿಯ ಗಂಡು ಮರಿ ಮಾರಿದೆ. ಎಂದೂ ಒಲೆಗೆ ಹೋಗದ ರೊಕ್ಕ ಅದು. ದವಾಖಾನೆಗೆ, ಸಾಲೆಗೆ, ಮಗಳಿಗೆ ಅಂತ ಇಟ್ಟದ್ದು, ಒಗ್ಗರಣೆಗೆ ಹೋಯಿತು. ಆಮೇಲೆ ಬಾಕಿ ಎಲ್ಲ ಒಮ್ಮೆಲೇ ಬಿದ್ದಾಗ ಅದೂ ಅಂಗಡಿಗೇ ಹೋಯಿತು.

ಅಷ್ಟರಲ್ಲೂ ನಿನಗೆ ಅಂತ ಒಂದಿಷ್ಟು ತೆಗೆದಿಡುತ್ತಿದ್ದೆ. ನಿಮ್ಮ ಮನೆಯ ಕಾರ್ಡಿನಲ್ಲಿ ಕಸ್ತೂರೆವ್ವ ಯಜಮಾನಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ಆದರೆ ಕಸ್ತೂರೆವ್ವ ಗಟ್ಟಿ ಇದ್ದಾಳೆ, ಬೀರಪ್ಪ ಇನ್ನೂ ಗಟ್ಟಿ ಇಡಲಿ. ಪಂಚಮಿಯಲ್ಲಿ ಉಂಡಿ ಡಬ್ಬಿಯ ತಳದಲ್ಲಿ ನೋಟು ಮಡಿಚಿ ಇಟ್ಟು ಕೊಟ್ಟೆ. ಅವತ್ತು ಅಡಿಗೆಮನೆಯಲ್ಲಿ ನೀನು ಅಂದೆ: 'ನಿನಗೇನ ಬೇ, ಹೆಬ್ಬೆಟ್ಟ ಒತ್ತಿದ್ರ ರೊಕ್ಕ. ನಾ ಒಂದು ಸಾಬೂನಿಗೂ ಅತ್ತಿ ಮಾರಿ ನೋಡಬೇಕು.' ಚಾಷ್ಟಿಗೆ ಅಂದೆ ಅಂತ ನಾನು ನಕ್ಕುಬಿಟ್ಟೆ. ನನ್ನ ಮಾಡದ ಕಥೆ ನಿನಗೆ ಹೇಳಬೇಕಿತ್ತು. ತವರಿಗೆ ಬಂದ ಮಗಳಿಗೆ ಅದೆಲ್ಲ ಯಾಕೆ ಅಂತ ಬಿಟ್ಟೆ.

ಹೋದ ವರ್ಷದ ದೀವಳಿಗೆಯ ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಾಡ್ಯ ಮುಗಿದ ವಾರದಲ್ಲಿ ಹೊಸ ಮರಿಗಳಿಗೆ ಕಚ್ಚು ಹಾಕುವುದು ನಮ್ಮ ರೂಢಿ. ಉಡಿಕುರಿಯ ಮರಿಗಳಿಗೆ ನಾನೇ ಹಾಕಬೇಕು, ಗಂಡಸರು ಆ ಚೂರಿ ಮುಟ್ಟುವುದಿಲ್ಲ. ಆ ವಾರ ಅಂಗೂಟದ ಗುರುತು ಹೊಸದಾಗಿ ಕೊಡಬೇಕು, ಇಲ್ಲದಿದ್ದರೆ ರೊಕ್ಕ ನಿಲ್ಲುತ್ತದೆ ಅಂದರು. ಹಗ್ಗ ಎಳೆದು ಸವೆದ ನನ್ನ ಹೆಬ್ಬೆಟ್ಟನ್ನು ಮಿಶಿನ್ನು ತೆಗೆದುಕೊಳ್ಳಲೇ ಒಲ್ಲದು. ಇವತ್ತು ಬಾ, ನಾಳೆ ಬಾ ಅಂತ ಬೀಳಗಿಗೆ ಓಡಾಡಿದೆ. ಸಂಜೆ ದೊಡ್ಡಿಗೆ ಹೋದರೆ ಹಿಂಡೆಲ್ಲ ಕಲೆತುಹೋಗಿತ್ತು. ಶಿವಪುತ್ರ ಅಂದ: 'ಬಿಡ ಬೇ ಈ ಸಲ. ಒಂದ ಮನಿಗೆ ಎರಡು ಗುರುತು ಯಾಕ? ಕಾರ್ಡಿನಾಗ ನಿನ್ನ ಹೆಸರ ಮ್ಯಾಲೈತಿ. ಮನಿ ಯಜಮಾನಿಗೆ ಕಿವಿ ಗುರುತ ಬೇಕೇನು?'

ಆ ಮಾತು ನನಗೆ ಎಷ್ಟು ಸವಿಯಾಗಿ ಕೇಳಿತು ಅಂದರೆ, ಚೂರಿಯನ್ನು ಜಂತಿಯಲ್ಲಿ ಸಿಕ್ಕಿಸಿ ಬಂದುಬಿಟ್ಟೆ. ಖರೆ, ಸರ್ಕಾರವೇ ನನ್ನ ಹೆಸರು ಬರೆದುಕೊಂಡ ಮೇಲೆ ಕುರಿಯ ಕಿವಿಯಲ್ಲಿ ಏನಿದೆ ಅಂದುಕೊಂಡೆ. ನನ್ನ ತಾಯಿ ಇದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದಳು. ಆ ವರ್ಷದ ಮರಿಗಳಿಗೆ ಕಚ್ಚು ಬೀಳಲಿಲ್ಲ. ಈ ವರ್ಷದವಕ್ಕೂ ಇಲ್ಲ. ಬೆಲ್ಲಕ್ಕೂ ಇಲ್ಲ.

ಈ ಸಲ ದಸರೆ ಆದ ಮೇಲೆ ಎರಡು ತಿಂಗಳ ರೊಕ್ಕ ಕೂಡಿ ಬಿದ್ದಿತ್ತು. ಬೀಳಗಿಗೆ ಹೋದವಳು ಅನುರಾಧಾ ಹೇಳಿದ್ದಳಲ್ಲ ಅಂತ ಬೆಲ್ಲದ ಕೊರಳಿಗೆ ಒಂದು ಸಣ್ಣ ಗಂಟೆ ತಂದೆ. ಅದನ್ನು ಕಟ್ಟಲು ಉಣ್ಣೆಯ ದಾರ ಹೊಸೆಯುತ್ತಲೇ ದೊಡ್ಡಿಗೆ ಹೋದೆ. ದೊಡ್ಡಿಯಲ್ಲಿ ನಿಮ್ಮಪ್ಪನ ಕುರಿ ನಿಂತಿದ್ದವು. ನನ್ನವು ಇರಲಿಲ್ಲ. ಕಚ್ಚಿಲ್ಲದವು ಹೋಗಿದ್ದವು, ಕಚ್ಚಿದ್ದವೂ ಹೋಗಿದ್ದವು. ಮೂಲೆಯಲ್ಲಿ ಒಂದೇ ಒಂದು ಮುದಿ ಕುರಿ, ಹಲ್ಲು ಬಿದ್ದದ್ದು, ಮೇವನ್ನು ಮುಸುಡಿಯಿಂದ ತಳ್ಳುತ್ತ ನಿಂತಿತ್ತು. ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲವಂತೆ.

ನಿಮ್ಮಪ್ಪ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. 'ನನ್ನ ಕುರಿ ಎಲ್ಲಿ ಅದಾವ?' ಅಂದೆ. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು ಅಂದ:

'ಹೆಣ್ಣಿಗೆ ಉಡಿಕುರಿ ಯಾಕ ಕೊಡ್ತಿದ್ರು? ಕೈಯಾಗ ತನ್ನದು ಅಂತ ನಾಕು ಕಾಸು ಇರಲಿ, ಗಂಡನ್ನ ಕೇಳೋದು ಬ್ಯಾಡ ಅಂತ. ಈಗ ಆ ನಾಕು ಕಾಸು ಸರ್ಕಾರ ಕೊಡಾಕತ್ತೈತಿ. ಇನ್ನ ಆ ಕುರಿ ನಿನಗ ಯಾಕ ಬೇಕು?'

ನಿಮ್ಮಪ್ಪ ಇಷ್ಟುದ್ದ ಮಾತನ್ನು ಒಂದೇ ಉಸುರಿಗೆ ಆಡಿದ್ದನ್ನು ಲಗ್ನವಾದಾಗಿನಿಂದ ನಾನು ಕೇಳಿದ್ದಿಲ್ಲ. ನೆಲ ನೋಡುತ್ತ ಆಡಿದ. ರೊಕ್ಕ ಎಲ್ಲಿ ಅಂತ ಕೇಳಿದೆ. 'ಕುಡದಿಲ್ಲ, ತಿಂದಿಲ್ಲ' ಅಂದ, ಅಷ್ಟೇ. ಶಿವಪುತ್ರನನ್ನು ಕೇಳಿದರೆ ಚಾರ್ಜರ್ ತೆಗೆದುಕೊಂಡು ಹೊರಬಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ಹೇಳಬೇಕು. ಗಂಟೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ. ಮುದಿ ಕುರಿ ಬಂದು ಮೂಸಿ ನೋಡಿತು.

ರೊಟ್ಟಿ ಬಡಿಯಬೇಕು, ಇಲ್ಲಿಗೆ ಬಿಟ್ಟು ಏಳುತ್ತೇನೆ.

ಸೋಮವಾರ ಮುಂಜಾನೆ

ನಿನ್ನೆ ಬರೆದದ್ದನ್ನು ಓದಿದೆ. ಅಳುಬುರುಕಿ ಬರೆದ ಹಾಗಿದೆ, ಆದರೆ ನಾನು ಅತ್ತಿಲ್ಲ. ಜಗಳವಾಡಿದೆ. ಮೂರು ದಿನ ನಮ್ಮ ಮನೆಯ ಒಲೆ ಹೊತ್ತಲಿಲ್ಲ. ನಾಲ್ಕನೆಯ ದಿನ ಬೀರಪ್ಪನ ಗುಡಿಯ ಕಟ್ಟೆಗೆ ಹೋದೆ. ನಮ್ಮವರ ಹಿರಿಯ ಮುರಗೆಪ್ಪಜ್ಜನಿಗೆ ದೂರು ಹೇಳಿದೆ. ಹೆಂಗಸೊಬ್ಬಳು ಗಂಡನನ್ನು ಕಟ್ಟೆಗೆ ಕರೆದದ್ದು ಊರಿಗೇ ಹೊಸದು, ನೋಡಲು ಜನ ನೆರೆದರು. ನಿಮ್ಮಪ್ಪ ಬಂದು ಕಂಬಕ್ಕೆ ಒರಗಿ ಕೂತ.

ಮುರಗೆಪ್ಪಜ್ಜ ನಿಧಾನಕ್ಕೆ ಎಲೆ ಮೆಲ್ಲುತ್ತ ಕೇಳಿದ: 'ಮರಿಗಳಿಗೆ ನಿನ್ನ ಗುರುತು ಇತ್ತೇನವ್ವ ಮಾಯವ್ವ?'

'ಎರಡು ವರ್ಷದವಕ್ಕ ಇದ್ದಿಲ್ರಿ. ಅವುಗಳ ತಾಯಿಗೆ ಇತ್ರಿ.'

'ಗುರುತಿಲ್ಲದ ಮರಿ ದೊಡ್ಡಿ ಯಾರದೈತಿ ಅವರವು. ಇದು ಹಿರ್ಯಾರ ಕಾಲದಿಂದ ಬಂದಿದ್ದು. ತಾಯಿ ಕುರಿಗೆ ನಿನ್ನ ಗಂಡ ಹೊಳೆಪ್ಪ ತಪ್ಪು ಕಾಣಿಕಿ ಹಾಕಬೇಕು, ಅದು ಖರೆ.' ಆಮೇಲೆ ನಕ್ಕು, 'ಅಲ್ಲವಾ, ಸರ್ಕಾರನ ನಿನ್ನ ಯಜಮಾನಿ ಅಂತ ಬರದೈತಿ. ಯಜಮಾನಿ ಆದಾಕಿ ಕಟ್ಟಿಗೆ ಬಂದು ದೂರ ಹೇಳಬಾರದು. ದೂರ ಕೇಳಬೇಕು' ಅಂದ. ಕೂತವರೆಲ್ಲ ನಕ್ಕರು. ನನ್ನ ಹಾಗೆಯೇ ಎರಡು ಸಾವಿರ ತೆಗೆದುಕೊಳ್ಳುವ ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ನಾನು ಎಲ್ಲರ ಮುಂದೆ ನಿಮ್ಮಪ್ಪನಿಗೆ ಕಳ್ಳ ಅಂದೆ. ಉಡಿಗೆ ಕೈ ಹಾಕಿದವ ಅಂದೆ. ಅದಕ್ಕಿಂತ ಕೀಳು ಮಾತು ನಮ್ಮಲ್ಲಿ ಇಲ್ಲ, ನಿನಗೆ ಗೊತ್ತು. 'ರೊಕ್ಕ ಏನ ಮಾಡಿದಿ, ದೇವರ ಮುಂದ ಹೇಳು' ಅಂದೆ. ಅವ ಬಾಯಿ ತೆರೆಯಲಿಲ್ಲ. ಕಿಸೆಯಿಂದ ತಪ್ಪು ಕಾಣಿಕೆ ತೆಗೆದು ಬೀರಪ್ಪನ ಮುಂದಿಟ್ಟು, ಭಂಡಾರ ಹಚ್ಚಿಕೊಂಡು ಹೊರಟುಹೋದ. ದೇವರಿಗೆ ಅವನ ಕಾಣಿಕೆ ಬಂತು. ನನಗೆ ಏನೂ ಬರಲಿಲ್ಲ.

ಈಗಲೂ ಎರಡು ಸಾವಿರ ಬರುತ್ತದೆ. ಬೇಡ ಅನ್ನಲೇ? ಅದು ಇಲ್ಲದಿದ್ದರೆ ಚಹಾ ಇಲ್ಲ, ಎಣ್ಣೆ ಇಲ್ಲ. ಕೊಡುವವರಿಗೆ ನಾನು ಶಾಪ ಹಾಕುವುದಿಲ್ಲ, ಗಂಡ ಕೊಡದದ್ದನ್ನು ಕಾಣದ ಕೈ ಕೊಟ್ಟಿತಲ್ಲ. ಆದರೆ ಆ ರೊಕ್ಕ ಬಂದಾಗಿನಿಂದ ಮನೆಯವರು ನನಗೆ ಏನೇನು ಕೊಡುವುದನ್ನು ಬಿಟ್ಟರು ಅಂತ ಯಾವ ಮಿಶಿನ್ನೂ ಹೇಳುವುದಿಲ್ಲ. ಹೆಬ್ಬೆಟ್ಟು ಒತ್ತುವಾಗ ಒಮ್ಮೊಮ್ಮೆ ಅನ್ನಿಸುತ್ತದೆ, ಕಚ್ಚು ಬಿದ್ದದ್ದು ಮರಿಗಳ ಕಿವಿಗಲ್ಲ, ನನ್ನ ಹೆಬ್ಬೆಟ್ಟಿಗೆ ಅಂತ. ಹೋಗಲಿ. ನನ್ನ ಬಾಯಿ ಮೊದಲಿನಿಂದಲೂ ಹೀಗೆಯೇ, ಉಪ್ಪಿಗಿಂತ ಖಾರ ಜಾಸ್ತಿ.

ಮುದಿ ಕುರಿಗೆ ಬಿಸಿ ನೀರಿನಲ್ಲಿ ನುಚ್ಚು ಕಲಸಿ ತಿನ್ನಿಸುತ್ತೇನೆ. ನಿನಗೆ ಉಡಿಯಲ್ಲಿ ಕೊಟ್ಟ ಕುರಿ ಅದೇ, ಗುರುತಿದೆಯೇ? ನಿನ್ನ ಲಗ್ನದಲ್ಲಿ ಅದು ಎಷ್ಟು ಜಿಗಿದಾಡಿತ್ತು ಅಂದರೆ ಅದರ ಕೊರಳಿನ ದಂಡೆ ಹರಿದು ಬೀಗರ ಎಲೆಗೆ ಬಿದ್ದಿತ್ತು. ಇನ್ನು ಅದು ಮರಿ ಹಾಕುವುದಿಲ್ಲ.

ಚಳಿ ಇದೆ, ಅನುರಾಧಾಗೆ ಕಿವಿ ಮುಚ್ಚಿ ಟೋಪಿ ಹಾಕು. ಕಸ್ತೂರೆವ್ವಗೆ ನನ್ನ ಶರಣು ಹೇಳು. ಮುತ್ತಣ್ಣ ಹೊತ್ತಿಗೆ ಸರಿಯಾಗಿ ಉಣ್ಣಲಿ, ಮಗ್ಗದ ಮುಂದೆ ಕೂತವರಿಗೆ ಹಸಿವು ತಿಳಿಯುವುದಿಲ್ಲ ಅನ್ನುತ್ತಾರೆ. ನಿನ್ನ ಮನೆ ತುಂಬಿರಲಿ. ನಿನ್ನ ಉಡಿ ಎಂದೂ ಬರಿದಾಗದಿರಲಿ. ಬೀರಪ್ಪ ನಿನ್ನ ಮಗಳಿಗೆ ನೂರು ವರ್ಷ ಕೊಡಲಿ, ನಿನಗೂ ಕೊಡಲಿ.

ನಿನ್ನ ಅವ್ವ,
ಮಾಯವ್ವ

ತಾ.ಕ.: ಮೇಲೆ ಹೇಳಿದ ನೆವಗಳೆಲ್ಲ ಸುಳ್ಳು. ಪೆನ್ನು ಒಣಗಿರಲಿಲ್ಲ, ಕಣ್ಣೂ ಬಂದಿರಲಿಲ್ಲ. ತಡವಾದದ್ದು ಬೇರೆ ಕಾರಣಕ್ಕೆ.

ಕಾರ್ತಿಕದಲ್ಲಿ ಮುಧೋಳದ ಲಗ್ನಕ್ಕೆ ನಾನು ಹೋಗಿದ್ದೆ. ನೀನು ಬರಲಿಲ್ಲ, ಅನುರಾಧಾಗೆ ಜ್ವರ ಅಂದರು. ಕಸ್ತೂರೆವ್ವ ಬಂದಿದ್ದಳು. ಊಟದ ಪಂಕ್ತಿಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, 'ನಿಮ್ಮ ಉಪಕಾರ ಮರಿಯಂಗಿಲ್ರಿ ಬೀಗತಿ. ತವರವರು ಅಳಿಯಗ ಸ್ವಂತ ಮಗ್ಗಕ್ಕ ರೊಕ್ಕ ಕೊಟ್ಟಿದ್ದು ನಾ ಎಲ್ಲೂ ಕೇಳಿಲ್ಲ. ನಿಮ್ಮ ಕುರಿ ಪುಣ್ಯಾ' ಅಂದಳು. ನಾನು, 'ಇರಲಿ ಬಿಡ್ರಿ, ಮಕ್ಕಳಿಗಲ್ಲದ ಇನ್ನ ಯಾರಿಗೆ' ಅಂದೆ. ನಗುತ್ತಲೇ ಅಂದೆ. ಇನ್ನೊಂದು ಸಲ ಹುಗ್ಗಿ ಹಾಕಿಸಿಕೊಂಡು ಉಂಡೆ.

ಮನೆಗೆ ಬಂದು ನಿಮ್ಮಪ್ಪನನ್ನು ಕೇಳಿದೆ. 'ಅಕಿ ಅಳಕೋತ ಫೋನ್ ಮಾಡಿದ್ಲು. ಅವ್ವಗ ಮಾತ್ರ ಹೇಳಬ್ಯಾಡ ಅಂದ್ಲು' ಅಂದ. ಮತ್ತೆ ಕಟ್ಟೆಯ ಮೇಲೆ ಯಾಕೆ ಬಾಯಿ ಬಿಡಲಿಲ್ಲ ಅಂದರೆ, 'ಮಗಳ ಹೆಸರ ಹೇಳಲೇನು?' ಅಂದ. ಅವನ ಮೇಲಿನ ನನ್ನ ಸಿಟ್ಟು ಹೋಗಿಲ್ಲ. ಮಾಡ ಇನ್ನೂ ಬರಿದೇ ಇದೆ, ಮೇಲೆ ಬರೆದ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ. ಆದರೆ ಆ ಮನುಷ್ಯ ಊರ ಮುಂದೆ ಕಳ್ಳ ಅನ್ನಿಸಿಕೊಂಡು ಕಾಣಿಕೆ ಹಾಕಿದ್ದು ನಿನ್ನ ಸಲುವಾಗಿ.

ದೊಡ್ಡಿಯಲ್ಲಿ ಅವನಾಡಿದ ಆ ಉದ್ದ ಮಾತೂ ಅವನದಲ್ಲವಂತೆ. 'ಹೆಂಗ ಹೇಳಲಿ ಅಂತ ಕೇಳಿದೆ, ಹಿಂಗ ಹೇಳು ಅಂತ ಅಕಿನ ಹೇಳಿಕೊಟ್ಲು' ಅಂದ. ಅಷ್ಟು ಚೊಕ್ಕ ಮಾತು ಅವನಿಗೆ ಬರುವುದಿಲ್ಲ ಅಂತ ನನಗೆ ಅವತ್ತೇ ಅನ್ನಿಸಿತ್ತು. ಭಾಗ್ಯಾ, 'ನನ್ನ ಕುರಿ ಬೇಕು ಬೇ' ಅಂತ ನೀನು ನನ್ನನ್ನೇ ಕೇಳಿದ್ದರೆ, ನಾನೇ ಎಲ್ಲ ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದೆ. ಅವು ಎಂದಿದ್ದರೂ ನಿನ್ನವೇ ಇದ್ದವು. ಅವ್ವನಿಗೆ ಇನ್ನು ಅವು ಯಾಕೆ ಬೇಕು ಅಂತ ನಿನ್ನ ಬಾಯಲ್ಲಿ ಬಂತಲ್ಲ, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕಾಗದ ಹಿಡಿಯಲು ನನಗೆ ಇಷ್ಟು ದಿನ ಬೇಕಾಯಿತು.

ಮಗ್ಗ ಛಲೋ ಓಡಲಿ. ನಿನ್ನನ್ನು ಇನ್ನೇನೂ ಕೇಳುವುದಿಲ್ಲ, ಒಂದೇ ಒಂದು ಮಾತು. ಪ್ರತಿ ರವಿವಾರ ಅನುರಾಧಾ ಫೋನಿನಲ್ಲಿ ಬೆಲ್ಲ ಎಷ್ಟು ದೊಡ್ಡದಾಯಿತು ಅಂತ ಕೇಳುತ್ತಾಳೆ. ಮೊಣಕಾಲಿಗೆ ಬಂದೈತಿ, ಈಗ ತೊಡೆಗೆ ಬಂದೈತಿ, ಕೊರಳಾಗ ಗಂಟೆ ಕಟ್ಟೇನಿ ಅಂತ ನಾನು ಸುಳ್ಳು ಹೇಳುತ್ತೇನೆ. ಸ್ಪೀಕರ್ ಹಾಕಿರುತ್ತದೆ, ನೀನು ಅವಳ ಪಕ್ಕದಲ್ಲೇ ನಿಂತು ಕೇಳುತ್ತಿರುತ್ತೀ. ಮುಂದಿನ ರವಿವಾರ ಅವಳು ಕೇಳಿದಾಗ ನಾನು ಸುಮ್ಮನಿರುತ್ತೇನೆ. ನೀನೇ ಹೇಳು.